ಕುರಿಗಳ ಕರುಳುಬೇನೆಯೂ ಹೆಬ್ಬಾಳದ ವಿಷಪರೀಕ್ಷೆಯೂ

ದನಕರುಗಳಿಗೂ ಕುರಿಮೇಕೆಗಳಿಗೂ ಬರುವ ರೋಗಗಳಿಗೆ ಕನ್ನಡನಾಡಿನಲ್ಲಿ ರೂಢಿಯಲ್ಲಿರುವ ಹೆಸರುಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಅವುಗಳಲ್ಲಿ ಒಂದು ಕ್ರಮವು ಕಂಡುಬರುತ್ತದೆ. ಗಂಟಲು ಊದಿ ಉಸಿರು ಕಟ್ಟುವ ರೋಗವು ಗಳಲೆ. ತೊಡೆಯ ಮಾಂಸವು ಊದಿ ಕಪ್ಪಾಗುವ ರೋಗವು ಚಪ್ಪೆ. ಗೊರಸಿನ ಸಂದಿನಲ್ಲಿಯೂ ಬಾಯಿಯಲ್ಲಿಯೂ ಹುಣ್ಣೇಳುವ ರೋಗವು ಕಾಲುಬಾಯಿ. ರೋಗವು ಎಲ್ಲಿ ಕಾಣಿಸಿಕೊಳ್ಳುವುದೋ ಆ ಸ್ಥಾನವೇ ಹೆಸರಾಗಿ ನಿಂತಿದೆ. ಕುರಿಗಳ ಕರುಳುಬೇನೆಯೂ ಇದೇ ಬಗೆಯ ಹೆಸರು. ಆದರೆ ಉಳಿದವುಗಳಿಗೂ ಇದಕ್ಕೂ ಒಂದು ಭೇದವುಂಟು. ಗಳಲೆ, ಚಪ್ಪೆ, ಕಾಲುಬಾಯಿಗಳನ್ನು ಹೊರಗಿನಿಂದಲೇ ಕಾಣಬಹುದು. ಕರುಳನ್ನು ಕಾಣಬೇಕಾದರೆ ಸತ್ತ ಕುರಿಯ ಹೊಟ್ಟೆಯನ್ನು ಸೀಳಬೇಕು. ಹೆಸರು ಕುರಿಗಾಹಿಗಳದೇ ಆಗಿರಲಿ, ಪಶುವೈದ್ಯರು ರೂಢಿಗೆ ತಂದುದೇ ಆಗಿರಲಿ, ಅದನ್ನಿಟ್ಟವರು ಒಳಗೆ ನೋಡಿದವರು ಎಂಬುದರಲ್ಲಿ ಸಂದೇಹವಿಲ್ಲ. ಅವರು ನೋಡಿದ ಸ್ಥಾನವು ಸರಿಯಾದುದೆಂಬುದನ್ನೂ, ಅಷ್ಟು ನೋಡಿದ ಮಾತ್ರಕ್ಕೆ ರೋಗವನ್ನು ನಿಶ್ಚಯಿಸುವುದು ಸಾಧ್ಯವಿಲ್ಲವೆಂಬುದನ್ನೂ ಪ್ರಯೋಗಶಾಲೆಯು ತೋರಿಸಿಕೊಟ್ಟಿದೆ.

ರೋಗದ ಸ್ವರೂಪವು ಹೀಗಿದೆ. ಸಂಜೆ ಹಟ್ಟಿಗೆ ಬಂದಾಗ ಆರೋಗ್ಯವಾಗಿದ್ದ ಕುರಿಯು ಬೆಳಗಿನ ಹೊತ್ತಿಗೆ ಸತ್ತು ಬಿದ್ದಿರುವುದು. ಎಚ್ಚರವಾಗಿದ್ದು ನೋಡಿದವರಿಗೆ ಕುರಿಯು ತೂರಾಡುವುದು, ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುವುದು, ಹಲ್ಲು ಕಡಿಯುವುದು, ಕೆಳಗೆ ಬಿದ್ದು ಕಾಲುಗಳನ್ನು ಈಜುವಂತೆ ಆಡಿಸುವುದು ಇವೇ ಮೊದಲಾದ ಲಕ್ಷಣಗಳು ಕೆಲವು ಗಳಿಗೆಗಳ ಮಟ್ಟಿಗೆ ಕಾಣಬರುತ್ತವೆ. ಈ ರೋಗವು ಮಂದೆಯಲ್ಲಿ ಬಡಕಲು ಕುರಿಗಳನ್ನು ಬಿಟ್ಟು ಮೈದುಂಬಿದವುಗಳನ್ನೇ ಆರಿಸಿಕೊಳ್ಳುವುದು ವಿಚಿತ್ರವಾದ ಸಂಗತಿ. ತಾಯಿಯ ಹಾಲನ್ನು ಒಂಟಿಯಾಗಿ ಕುಡಿದು ಬೆಳೆದ ಕೊಬ್ಬಿದ ಮರಿಯೇ ಮೊದಲು ಸಾಯುತ್ತದೆ. ಬನ್ನೂರಿನ ಗಿಡ್ಡ ಕುರಿಯಾಗಲಿ ಬಳ್ಳಾರಿಯ ಕುರಿಯಾಗಲಿ ಕೊಪ್ಪಳ ರಾಯಚೂರುಗಳ ಕೆಂಗುರಿಯಾಗಲಿ ಇದಕ್ಕೆ ಹೊರತಲ್ಲ. ವರ್ಷದಲ್ಲಿ ಎರಡು ಕಾಲಗಳು ವಿಶೇಷವಾಗಿ ಅಪಾಯಕರವಾದುವು: ಮುಂಗಾರಿನ ಮೊದಲ ಮಳೆಗಳು ಬಿದ್ದು ಎಳೆಯ ಹುಲ್ಲು ಒಮ್ಮೆಗೇ ಚಿಗುರುವ ಕಾಲವೊಂದು, ಸುಗ್ಗಿಯ ಅನಂತರ ಮಂದೆಗಳು ಕೊಯ್ದ ಹೊಲಗಳಿಗೆ ಇಳಿದು ಉದುರಿದ ಜೋಳ, ಮೆಕ್ಕೆಜೋಳಗಳನ್ನು ಹೊಟ್ಟೆತುಂಬ ಆಯ್ದು ತಿನ್ನುವ ಕಾಲ ಮತ್ತೊಂದು. ಬರಗಾಲದಲ್ಲಿ ಕುರಿಯು ಹಸಿವಿನಿಂದ ಸಾಯುವುದನ್ನು ಕುರಿಗಾಹಿಯು ಬಲ್ಲನು. ಸಮೃದ್ಧಿಯಲ್ಲಿ ಸಾಯುವುದು ಅವನಿಗೆ ಸುಲಭವಾಗಿ ಅರ್ಥವಾಗುವ ಮಾತಲ್ಲ.

ಈ ರೋಗದ ನಿರ್ಣಯಕ್ಕೂ ನಿವಾರಣೆಗೂ ಕರ್ಣಾಟಕದಲ್ಲಿ ಮುಖ್ಯ ಕೇಂದ್ರವಾಗಿರುವುದು ಬೆಂಗಳೂರಿನ ಉತ್ತರಭಾಗದ ಹೆಬ್ಬಾಳ. ಈ ಊರಿನ ಹೆಸರು ಇಂದು ಮೇಲುಸೇತುವೆಯಿಂದಲೂ ವಾಹನಗಳ ಸಂದಣಿಯಿಂದಲೂ ಪ್ರಸಿದ್ಧವಾಗಿದೆ. ಸುಮಾರು ಕ್ರಿ.ಶ. ೭೫೦ರ, ಗಂಗರ ಶ್ರೀಪುರುಷನ ಕಾಲದ ಕಿತ್ತಯನ ವೀರಗಲ್ಲು ಇಲ್ಲಿಯೇ ೨೦೧೮ರಲ್ಲಿ ದೊರೆತುದು ಶಾಸನಾಭ್ಯಾಸಿಗಳಿಗೆ ತಿಳಿದ ವಿಷಯವೇ. ಮೈಸೂರು ಸಂಸ್ಥಾನದ ಸರ್ಕಾರವು ೧೯೨೦ರ ದಶಕದಲ್ಲಿ ಇಲ್ಲಿ ಸೀರಂ ಸಂಸ್ಥೆಯೊಂದನ್ನು ಸ್ಥಾಪಿಸಿತು. ಆಗ ಅದರ ಮುಖ್ಯ ಉದ್ದೇಶವು ದನಗಳ ದೊಡ್ಡರೋಗಕ್ಕೆ ಪ್ರತಿರೋಧಕ ಸೀರಮ್ಮನ್ನು ತಯಾರಿಸುವುದಾಗಿತ್ತು. ದೊಡ್ಡರೋಗವು ಭಾರತದಿಂದ ತೊಲಗಿತೆಂದು ೨೦೦೬ರಲ್ಲಿಯೂ ಭೂಮಂಡಲದಿಂದಲೇ ತೊಲಗಿತೆಂದು ೨೦೧೧ರಲ್ಲಿಯೂ ಘೋಷಿತವಾಯಿತು. ಯಾವ ರೋಗಕ್ಕಾಗಿ ಸಂಸ್ಥೆಯು ಹುಟ್ಟಿತೋ ಆ ರೋಗವು ಅಳಿದ ಮೇಲೆಯೂ ಸಂಸ್ಥೆಯು ಉಳಿದಿದೆ. ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೆಂಬ ಹೆಸರಿನಲ್ಲಿ ಕರುಳುಬೇನೆಯ ಲಸಿಕೆಯನ್ನೂ ಇತರ ಲಸಿಕೆಗಳನ್ನೂ ತಯಾರಿಸುತ್ತಿದೆ. ದಕ್ಷಿಣ ಪ್ರಾಂತ್ಯದ ರೋಗನಿರ್ಣಯ ಪ್ರಯೋಗಾಲಯವೂ ಅದರ ಆವರಣದಲ್ಲಿಯೇ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ೧೯೫೮ರಲ್ಲಿ ಆರಂಭವಾಯಿತು.

ಕರುಳುಬೇನೆಗೆ ಕಾರಣವಾದ ಸೂಕ್ಷ್ಮಜೀವಿಯನ್ನು ಅಮೆರಿಕದ ವೆಲ್ಚ್ ಮತ್ತು ನಟಾಲ್ ಎಂಬ ವಿದ್ವಾಂಸರು ೧೮೯೨ರಲ್ಲಿ ವರ್ಣಿಸಿದರು. ಬಹುಕಾಲ ಅದು ವೆಲ್ಚನ ಹೆಸರನ್ನೇ ಹೊತ್ತಿದ್ದಿತು. ಈಗ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎನ್ನುತ್ತಾರೆ. ಇದು ಆಮ್ಲಜನಕವಿಲ್ಲದೆಡೆಯಲ್ಲಿ ಬೆಳೆಯತಕ್ಕದ್ದು. ಪ್ರತಿಕೂಲಕಾಲದಲ್ಲಿ ಗಟ್ಟಿಯಾದ ಕವಚವುಳ್ಳ ಬೀಜಕಣವಾಗಿ ಮಣ್ಣಿನಲ್ಲಿ ಉಳಿದುಕೊಳ್ಳುವುದು. ಕುರಿಯ ಕರುಳಿನಲ್ಲಿ, ದನದ ಕರುಳಿನಲ್ಲಿ, ಮನುಷ್ಯನ ಕರುಳಿನಲ್ಲಿಯೂ ಇದು ಯಾವ ಕೇಡನ್ನೂ ಮಾಡದೆ ವಾಸವಾಗಿರುವುದುಂಟು. ಒಂದೇ ಹೆಸರಿನ ಈ ಜೀವಿಗಳೆಲ್ಲವೂ ಒಂದೇ ವಿಷವನ್ನು ಸುರಿಸುವುದಿಲ್ಲ. ಆಲ್ಫಾ, ಬೀಟಾ, ಎಪ್ಸಿಲಾನ್, ಅಯೋಟಾ ಎಂಬ ನಾಲ್ಕು ಪ್ರಧಾನವಿಷಗಳಲ್ಲಿ ಯಾವುದು ಯಾವುದನ್ನು ತಯಾರಿಸುವುದೋ ಅದಕ್ಕನುಸಾರವಾಗಿ ಇವನ್ನು ಎ, ಬಿ, ಸಿ, ಡಿ, ಇ ಎಂದು ಐದು ವರ್ಗಗಳಾಗಿ ವಿಂಗಡಿಸುವ ಪದ್ಧತಿಯು ೧೯೩೦ರ ದಶಕದಿಂದ ಬೆಳೆದುಬಂದಿತು. ೨೦೧೮ರಲ್ಲಿ ಇನ್ನೆರಡು ವಿಷಗಳನ್ನೂ ಗಣನೆಗೆ ತಂದು ಎಫ್, ಜಿ ಎಂಬ ಇನ್ನೆರಡು ವರ್ಗಗಳನ್ನು ಸೇರಿಸಿದರು. ಕುರಿಗಳ ಕರುಳುಬೇನೆಯು ಡಿ ವರ್ಗದ ಕೃತ್ಯ. ಅದರ ಆಯುಧವು ಎಪ್ಸಿಲಾನ್ ವಿಷ. ಈ ಸಂಬಂಧವನ್ನು ಪಶ್ಚಿಮ ಆಸ್ಟ್ರೇಲಿಯದಲ್ಲಿ ಬೆನೆಟ್ಸ್ ಎಂಬ ಪಶುವೈದ್ಯವಿಜ್ಞಾನಿಯು ೧೯೩೨ರಲ್ಲಿ ವಿವರಿಸಿದನು.

ಎಪ್ಸಿಲಾನ್ ವಿಷದ ಹುಟ್ಟಿನಲ್ಲಿ ಗಮನಿಸತಕ್ಕ ಒಂದು ವಿಶೇಷವಿದೆ. ಸೂಕ್ಷ್ಮಜೀವಿಯು ಇದನ್ನು ಹೊರಸೂಸುವಾಗ ಅದು ಹೆಚ್ಚುಕಡಮೆ ನಿರಪಾಯವಾದ ಪೂರ್ವರೂಪದಲ್ಲಿರುವುದು. ಮೇದೋಜೀರಕಗ್ರಂಥಿಯಿಂದ ಕರುಳಿಗೆ ಬರುವ ಟ್ರಿಪ್ಸಿನ್ ಎಂಬ ಜೀರ್ಣಕಾರಕದ್ರವ್ಯವು ಆ ಪೂರ್ವರೂಪದ ತುದಿಗಳನ್ನು ಕತ್ತರಿಸಿದೊಡನೆ ಅದು ಉಗ್ರವಾದ ವಿಷವಾಗಿ ಪರಿಣಮಿಸುವುದು. ಎಂದರೆ ಕತ್ತಿಯನ್ನು ತರುವುದು ಸೂಕ್ಷ್ಮಜೀವಿ. ಅದನ್ನು ಸಾಣೆಹಿಡಿಯುವುದು ಕುರಿಯದೇ ಆದ ಜೀರ್ಣರಸ. ಬೀಟಾ ವಿಷದ ಗತಿಯು ಇದಕ್ಕೆ ನೇರವಾಗಿ ವಿರುದ್ಧ. ಟ್ರಿಪ್ಸಿನ್ ಅದನ್ನು ನಾಶಮಾಡುತ್ತದೆ. ನ್ಯೂಗಿನಿಯ ಬೆಟ್ಟನಾಡಿನ ಜನರಲ್ಲಿ ಹಂದಿಮಾಂಸದ ಔತಣಗಳ ಅನಂತರ ಕರುಳು ಕೊಳೆತು ಸಾಯುವ ರೋಗವೊಂದು ಹಬ್ಬಿದ್ದಿತು. ಅದು ಸಿ ವರ್ಗದ ಬೀಟಾ ವಿಷದ ಫಲವೆಂದು ೧೯೬೦ರ ದಶಕದಲ್ಲಿ ತಿಳಿದುಬಂದಿತು. ಆ ಜನರ ನಿತ್ಯಾಹಾರವಾದ ಗೆಣಸಿನಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಅಂಶವಿರುವುದೂ, ಮಾಂಸಪೋಷಕಾಹಾರದ ಕೊರತೆಯಿಂದ ಅವರಲ್ಲಿ ಟ್ರಿಪ್ಸಿನ್ನೇ ಕಡಮೆಯಾಗಿರುವುದೂ ವಿಷವು ಉಳಿಯಲು ಕಾರಣವಾಗಿದ್ದುವು. ಒಂದೇ ಜೀರ್ಣರಸವು ಒಂದೆಡೆ ರಕ್ಷಕ, ಮತ್ತೊಂದೆಡೆ ಘಾತಕ. ಈ ಮಾತನ್ನು ನೆನಪಿನಲ್ಲಿಟ್ಟರೆ ಪರೀಕ್ಷೆಯ ವಿಧಾನವು ಸುಲಭವಾಗಿ ಅರ್ಥವಾಗುವುದು.

ಹದಗೊಂಡ ವಿಷವು ಕರುಳಿನ ಗೋಡೆಯನ್ನು ಸಡಿಲಗೊಳಿಸಿ ರಕ್ತವನ್ನು ಸೇರುತ್ತದೆ. ಅಲ್ಲಿಂದ ಮಿದುಳನ್ನೂ ಮೂತ್ರಪಿಂಡವನ್ನೂ ಮುಟ್ಟುತ್ತದೆ. ಈ ಜಾತಿಯ ಸೂಕ್ಷ್ಮಜೀವಿಗಳ ವಿಷಗಳಲ್ಲಿ ಬಾಟ್ಯುಲಿನಂ, ಧನುರ್ವಾಯು ಇವುಗಳ ವಿಷಗಳನ್ನು ಬಿಟ್ಟರೆ ಇದೇ ಉಗ್ರವಾದುದು. ಧಾನ್ಯವನ್ನು ರೂಢಿಯಿಲ್ಲದ ಕುರಿಯು ಒಮ್ಮೆಗೇ ತಿಂದಾಗ ಪಿಷ್ಟವು ಮೆಲುಕುಹೊಟ್ಟೆಯಲ್ಲಿ ಪೂರ್ತಿಯಾಗಿ ಕರಗದೆ ಸಣ್ಣಕರುಳಿಗೆ ಇಳಿಯುವುದು. ಅಲ್ಲಿ ಅಲ್ಪಸಂಖ್ಯೆಯಲ್ಲಿದ್ದ ಡಿ ವರ್ಗದ ಜೀವಿಗಳಿಗೆ ಅದು ಹಬ್ಬದೂಟ. ಕೊಬ್ಬಿದ ಕುರಿಯೇ ಏಕೆ ಮೊದಲು ಸಾಯುವುದೆಂಬ ಪ್ರಶ್ನೆಗೆ ಇದೇ ಉತ್ತರ: ಹೆಚ್ಚು ತಿಂದ ಕುರಿಯು ತನ್ನ ಕರುಳಿನ ಶತ್ರುವಿಗೂ ಹೆಚ್ಚು ತಿನ್ನಿಸಿತು.

ಸೂಕ್ಷ್ಮಜೀವಿಯನ್ನು ಹುಡುಕುವುದಕ್ಕೂ ವಿಷವನ್ನು ಹುಡುಕುವುದಕ್ಕೂ ಇರುವ ಅಂತರವು ವಿಜ್ಞಾನದ ಇತಿಹಾಸದಲ್ಲಿ ಬಹುತಡವಾಗಿ ಸ್ಪಷ್ಟವಾಯಿತು. ವಾಂತಿಭೇದಿಯ ಸೂಕ್ಷ್ಮಜೀವಿಯನ್ನು ರಾಬರ್ಟ್ ಕಾಖ್ ೧೮೮೪ರಲ್ಲಿ ಕಲ್ಕತ್ತೆಯ ರೋಗಿಗಳಲ್ಲಿ ಕಂಡು, ಅದು ವಿಷವನ್ನು ಸೂಸುತ್ತಿರಬೇಕೆಂದು ಊಹಿಸಿದನು. ಆ ವಿಷವು ಕೈಗೆ ಸಿಕ್ಕುವುದಕ್ಕೆ ಮುಕ್ಕಾಲು ಶತಮಾನವು ಹಿಡಿಯಿತು. ಸಿಕ್ಕಿದುದೂ ಕಲ್ಕತ್ತೆಯಲ್ಲಿಯೇ. ಶಂಭುನಾಥ ಡೇ ಎಂಬ ವಿಜ್ಞಾನಿಯು ಮೊಲದ ಕರುಳಿನ ಒಂದು ತುಂಡನ್ನು ಎರಡು ಕಡೆಯೂ ದಾರದಿಂದ ಕಟ್ಟಿ, ಸೂಕ್ಷ್ಮಜೀವಿಗಳನ್ನು ಪೂರ್ತಿಯಾಗಿ ಶೋಧಿಸಿ ತೆಗೆದ ದ್ರವವನ್ನು ಅದರೊಳಗೆ ಹಾಕಿದನು. ಜೀವಿಯೊಂದೂ ಇಲ್ಲದಿದ್ದರೂ ಆ ತುಂಡು ನೀರು ತುಂಬಿಕೊಂಡು ಉಬ್ಬಿತು. ಇದು ೧೯೫೯ರಲ್ಲಿ ಪ್ರಕಟವಾಯಿತು. ಅವನಿಗೆ ಮುಂಚಿನವರಲ್ಲಿ ಅನೇಕರು ಪದಾರ್ಥವನ್ನು ಪ್ರಾಣಿಗಳ ರಕ್ತಕ್ಕೆ ಚುಚ್ಚಿ ನೋಡಿ ನಿರಾಶರಾಗಿದ್ದರು. ಕರುಳಿನ ವಿಷವನ್ನು ಕರುಳಿನಲ್ಲಿಯೇ ಪರೀಕ್ಷಿಸಬೇಕೆಂಬುದು ಹೇಳಿದ ಮೇಲೆ ಸುಲಭವಾಗಿ ತೋರುವ ಮಾತು.

ಹೆಬ್ಬಾಳಕ್ಕೆ ಬರುವ ಪದಾರ್ಥವು ಸಾಮಾನ್ಯವಾಗಿ ಸತ್ತ ಕುರಿಯ ಸಣ್ಣಕರುಳಿನ ಕೊನೆಯ ಭಾಗದೊಳಗಣ ದ್ರವ. ಬದುಕಿರುವ ಕುರಿಗಳ ಹಿಕ್ಕೆಯನ್ನು ಪರೀಕ್ಷಿಸುವ ಕ್ರಮವೂ ಇದೆ. ಆದರೆ ಮಂದೆಯಲ್ಲಿ ಸೂಕ್ಷ್ಮಜೀವಿಯನ್ನು ಹೊತ್ತು ತಿರುಗುವ ಕುರಿಗಳು ಯಾವುವೆಂಬುದನ್ನು ಮಾತ್ರ ಅದರಿಂದ ತಿಳಿಯಬಹುದು. ಸಾವಿನ ಕಾರಣವು ಅದರಿಂದ ಸಿದ್ಧವಾಗುವುದಿಲ್ಲ. ಕಾಲವು ಇಲ್ಲಿ ಬಹುಮುಖ್ಯ. ಕುರಿಯು ಸತ್ತ ಕೆಲವು ಗಂಟೆಗಳೊಳಗಾಗಿ ದ್ರವವನ್ನು ಸಂಗ್ರಹಿಸಬೇಕು. ವಿಷವು ಬಹುಬೇಗ ಕೆಡತಕ್ಕದ್ದು. ಅಲ್ಲದೆ ಪ್ರಾಣಹೋದೊಡನೆ ಎ ವರ್ಗದ ಸೂಕ್ಷ್ಮಜೀವಿಗಳು ಕರುಳಿನ ತುಂಬ ಬೆಳೆದು ಹಬ್ಬುವುವು. ತಡವಾಗಿ ಕಳುಹಿಸಿದ ಪದಾರ್ಥದಿಂದ ಯಾವ ಜೀವಿಯನ್ನು ಬೆಳೆಸಿ ತೆಗೆದರೂ ಅದು ಸಾವಿನ ಕಾರಣವೋ ಸಾವಿನ ಫಲವೋ ಹೇಳಲು ಬಾರದು. ಹತ್ತು ಮಿಲಿಲೀಟರ್ ದ್ರವಕ್ಕೆ ಒಂದು ತೊಟ್ಟಿನಂತೆ ಕ್ಲೋರೋಫಾರ್ಮನ್ನು ಬೆರೆಸಿ, ಸೀಸೆಯನ್ನು ಮಂಜುಗಡ್ಡೆಯಲ್ಲಿಟ್ಟು ಕಳುಹಿಸುವುದು ಹಳೆಯ ವಾಡಿಕೆ. ಕ್ಲೋರೋಫಾರ್ಮು ಸೂಕ್ಷ್ಮಜೀವಿಗಳನ್ನು ಕೊಂದು ವಿಷವನ್ನು ಕಾಪಾಡುತ್ತದೆ. ಜೀವಿಯನ್ನು ಬೆಳೆಸಬೇಕೆಂಬ ಇಚ್ಛೆಯಿದ್ದರೆ ಆ ಸೀಸೆಯು ಪ್ರಯೋಜನಕ್ಕೆ ಬಾರದು. ಅದಕ್ಕೆ ಬೇರೊಂದನ್ನು ಕಳುಹಿಸಬೇಕು. ಒಂದೇ ಕರುಳಿನಿಂದ ಎರಡು ಸೀಸೆಗಳು, ಎರಡು ಬೇರೆಬೇರೆ ಪ್ರಶ್ನೆಗಳಿಗೆ.

ಹಳೆಯ ಪ್ರಮಾಣಪರೀಕ್ಷೆಯು ಬಿಳಿಯ ಇಲಿಗಳ ಮೇಲೆ ನಡೆಯುತ್ತಿದ್ದಿತು. ದ್ರವವನ್ನು ರಭಸವಾಗಿ ತಿರುಗುವ ಯಂತ್ರದಲ್ಲಿಟ್ಟು ಕಸರನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಎರಡು ಪಾಲುಮಾಡುವರು. ಒಂದು ಪಾಲನ್ನು ಇದ್ದಂತೆಯೇ ಬಿಟ್ಟು ಮತ್ತೊಂದಕ್ಕೆ ಟ್ರಿಪ್ಸಿನ್ನನ್ನು ಸೇರಿಸುವರು. ಹಿಂದೆ ಹೇಳಿದ ವಿರೋಧವು ಇಲ್ಲಿ ಉಪಯೋಗಕ್ಕೆ ಬರುವುದು: ಟ್ರಿಪ್ಸಿನ್ ಸೇರಿದ ಪಾಲಿನಲ್ಲಿ ಎಪ್ಸಿಲಾನ್ ವಿಷವಿದ್ದರೆ ಅದು ಪೂರ್ಣಶಕ್ತಿಯನ್ನು ಪಡೆಯುವುದು, ಬೀಟಾ ವಿಷವಿದ್ದರೆ ಅಳಿಯುವುದು. ಅನಂತರ ಒಂದು ಮಿಲಿಲೀಟರಿಗೂ ಬಹಳ ಕಡಮೆಯಾದ ಪ್ರಮಾಣವನ್ನು ಇಲಿಯ ರಕ್ತನಾಳಕ್ಕೆ ಚುಚ್ಚುವರು. ಇಲಿಯು ಸತ್ತರೆ ವಿಷವುಂಟೆಂದಾಯಿತು. ಯಾವ ವಿಷವೆಂದು ಇನ್ನೂ ಆಗಲಿಲ್ಲ.

ಅದನ್ನು ನಿರ್ಣಯಿಸುವುದು ಪ್ರತಿವಿಷಗಳಿಂದ. ಎ ವರ್ಗದ ಪ್ರತಿವಿಷವು ಆಲ್ಫಾ ವಿಷವನ್ನು ಮಾತ್ರ ಶಮನಮಾಡುವುದು. ಸಿ ವರ್ಗದ್ದು ಆಲ್ಫಾ, ಬೀಟಾಗಳನ್ನೂ, ಡಿ ವರ್ಗದ್ದು ಆಲ್ಫಾ, ಎಪ್ಸಿಲಾನ್‌ಗಳನ್ನೂ, ಬಿ ವರ್ಗದ್ದು ಈ ಮೂರನ್ನೂ ಶಮನಮಾಡುವುವು. ತಿಳಿಯನ್ನು ಒಂದೊಂದು ಪ್ರತಿವಿಷದೊಡನೆಯೂ ಬೇರೆಬೇರೆಯಾಗಿ ಬೆರೆಸಿ ಸ್ವಲ್ಪಕಾಲ ಬಿಟ್ಟು ಇಲಿಗಳಿಗೆ ಚುಚ್ಚಿದರೆ, ಬದುಕಿದ ಇಲಿಗಳೇ ಉತ್ತರವನ್ನು ಹೇಳುತ್ತವೆ. ಬಿ ಮತ್ತು ಡಿ ಪ್ರತಿವಿಷಗಳನ್ನು ಪಡೆದ ಇಲಿಗಳು ಉಳಿದು, ಎ ಮತ್ತು ಸಿ ಪಡೆದವು ಸತ್ತರೆ, ಕೊಂದುದು ಎಪ್ಸಿಲಾನ್. ಬಿ ಮತ್ತು ಸಿ ಪಡೆದವು ಉಳಿದು ಡಿ ಪಡೆದುದು ಸತ್ತರೆ, ಕೊಂದುದು ಬೀಟಾ. ಬಿ ಒಂದೇ ಉಳಿಸಿದರೆ ಎರಡು ವಿಷಗಳೂ ಕೂಡಿದ್ದುವು. ಯಾವ ಒಂದು ಪ್ರತಿವಿಷವೂ ತಾನಾಗಿ ಏನನ್ನೂ ಸಿದ್ಧಪಡಿಸುವುದಿಲ್ಲ. ಒಂದು ಉಳಿಸಿದುದನ್ನು ಮತ್ತೊಂದು ಉಳಿಸಲಾರದೆ ಹೋದುದರಲ್ಲಿ ಪ್ರಮಾಣವಿದೆ. ಹಲವು ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಯಾವ ತಪ್ಪು ಯಾವ ಪ್ರತಿಗಳಲ್ಲಿ ಸಮಾನವಾಗಿದೆ, ಯಾವುದರಲ್ಲಿ ಇಲ್ಲ ಎಂಬುದರಿಂದ ಮೂಲದ ಶಾಖೆಗಳನ್ನು ಗುರುತಿಸುವ ಗ್ರಂಥಸಂಪಾದಕನಿಗೆ ಈ ತರ್ಕವು ಅಪರಿಚಿತವಲ್ಲ.

ಈಚಿನ ದಶಕಗಳಲ್ಲಿ ಇಲಿಗಳ ಬಳಕೆಯು ಕಡಮೆಯಾಗಿದೆ. ಪ್ರಾಣಿಗಳಿಗೆ ಹಿಂಸೆಯಾಗುವುದಲ್ಲದೆ ಅದಕ್ಕೆ ಬೇಕಾದ ಅನುಮತಿ, ವ್ಯಯ, ಕಾಲ ಎಲ್ಲವೂ ಅಡ್ಡಿಯೇ. ಅದರ ಸ್ಥಾನದಲ್ಲಿ ಎಲೈಸಾ ಎಂಬ ಪರೀಕ್ಷೆಯು ಬಂದಿದೆ: ಎಪ್ಸಿಲಾನ್ ವಿಷವನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಪುಟ್ಟ ಗುಳಿಗಳ ಒಳಮೈಗೆ ಲೇಪಿಸಿ ಕರುಳಿನ ದ್ರವವನ್ನು ಹಾಕಿದರೆ, ವಿಷವಿದ್ದಲ್ಲಿ ಬಣ್ಣವೇರುವುದು. ಇನ್ನೊಂದು ಪಿ.ಸಿ.ಆರ್. ಎಂಬುದು. ಇದು ವಿಷವನ್ನು ಹುಡುಕುವುದಿಲ್ಲ. ವಿಷವನ್ನು ತಯಾರಿಸುವ ವಂಶವಾಹಿಯನ್ನು ಹುಡುಕಿ, ಅದರ ಅಸಂಖ್ಯಾತ ನಕಲುಗಳನ್ನು ಮಾಡಿ ಕಣ್ಣಿಗೆ ಕಾಣಿಸುವುದು. ಕೆಲವೇ ಗಂಟೆಗಳಲ್ಲಿ ಫಲವು ದೊರೆಯುವುದರಿಂದ ಇದು ಬಹುಜನಪ್ರಿಯವಾಗಿದೆ. ಅದರ ಫಲವನ್ನು ಅಗತ್ಯಕ್ಕಿಂತ ಹೆಚ್ಚಾಗಿ ನಂಬುವುದೂ ಅಷ್ಟೇ ಹಬ್ಬಿದೆ. ವಂಶವಾಹಿಯು ಸೂಕ್ಷ್ಮಜೀವಿಯ ಸಾಮರ್ಥ್ಯವನ್ನು ತಿಳಿಸುವುದೇ ಹೊರತು ಕೃತ್ಯವನ್ನಲ್ಲ. ಆರೋಗ್ಯವಾದ ಕುರಿಯ ಕರುಳಿನಲ್ಲಿಯೂ ಡಿ ವರ್ಗದ ಜೀವಿಯಿರಬಹುದಾದುದರಿಂದ, ಬೇರೆ ಕಾರಣದಿಂದ ಸತ್ತ ಕುರಿಯಲ್ಲಿಯೂ ಪಿ.ಸಿ.ಆರ್. ಪರೀಕ್ಷೆಯು ಉಂಟೆಂದೇ ಹೇಳೀತು. ಅಲ್ಲದೆ ಎಪ್ಸಿಲಾನ್ ವಂಶವಾಹಿಯು ಇರುವುದು ಸೂಕ್ಷ್ಮಜೀವಿಯ ಮುಖ್ಯ ವರ್ಣತಂತುವಿನಲ್ಲಲ್ಲ, ಪ್ಲಾಸ್ಮಿಡ್ ಎಂಬ ಬಿಡಿ ಉಂಗುರದಲ್ಲಿ. ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸುವಾಗ ಆ ಉಂಗುರವು ಕಳೆದುಹೋಗುವುದುಂಟು. ಆಗ ಡಿ ವರ್ಗದ್ದಾಗಿ ಬಂದ ಜೀವಿಯು ಎ ವರ್ಗದ ವೇಷದಲ್ಲಿ ಕಾಣಿಸಿಕೊಳ್ಳುವುದು. ಆದುದರಿಂದ ಅನುಭವಿಗಳು ಮೂರು ಸಾಕ್ಷ್ಯಗಳು ಕೂಡಿದಲ್ಲಿ ಮಾತ್ರ ನಿರ್ಣಯವನ್ನು ಬರೆಯುತ್ತಾರೆ: ಕರುಳಿನಲ್ಲಿ ವಿಷ, ಮಂದೆಯ ವೃತ್ತಾಂತ, ಎಂದರೆ ಮೇವು ಬದಲಾದುದು, ಲಸಿಕೆ ಹಾಕದಿದ್ದುದು, ಶರೀರದ ಒಳಗಣ ಚಿಹ್ನೆಗಳು. ಗುಂಡಿಗೆಯ ಸುತ್ತಣ ಚೀಲದಲ್ಲಿ ಹುಲ್ಲುಬಣ್ಣದ ನೀರು ತುಂಬಿರುವುದು, ಮೂತ್ರದಲ್ಲಿ ಸಕ್ಕರೆಯು ಕಾಣಿಸುವುದು, ಮಿದುಳಿನ ಎರಡು ಪಕ್ಕಗಳಲ್ಲಿಯೂ ಸಮಾನವಾದ ಸ್ಥಾನಗಳು ಮೆತ್ತಗಾಗಿರುವುದು ಇವು ಆ ಚಿಹ್ನೆಗಳು. ಮೂತ್ರಪಿಂಡವು ಕೊಳೆತ ಹಣ್ಣಿನಂತೆ ಮೆದುವಾಗಿರುವುದನ್ನು ಇಂಗ್ಲಿಷರು ರೋಗದ ಹೆಸರನ್ನಾಗಿಯೇ ಮಾಡಿಕೊಂಡಿದ್ದಾರೆ. ಆದರೆ ಸತ್ತು ಬಹಳ ಹೊತ್ತಾದ ಕುರಿಯ ಮೂತ್ರಪಿಂಡವು ಹೇಗೂ ಮೆದುವಾಗುವುದು; ಈ ವಿಷಯದಲ್ಲಿ ಅವರ ಹೆಸರಿಗಿಂತ ಕನ್ನಡದ ಹೆಸರೇ ಸರಿಯಾದ ಸ್ಥಾನವನ್ನು ತೋರಿಸುತ್ತದೆ.

ಮನುಷ್ಯರ ಮಲಪರೀಕ್ಷೆಯಲ್ಲಿಯೂ ಇದೇ ತೊಡಕಿದೆ. ಆಸ್ಪತ್ರೆಯಲ್ಲಿ ಬಹುದಿನ ಪ್ರತಿಜೀವಕ ಔಷಧಗಳನ್ನು ಸೇವಿಸಿದವರಿಗೆ ಬರುವ ಭೇದಿಗೆ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಮತ್ತೊಂದು ಜೀವಿಯು ಅನೇಕ ವೇಳೆ ಕಾರಣ. ಬೆಳೆಸುವುದು ಕಷ್ಟವಾದುದರಿಂದ ಅದಕ್ಕೆ ಆ ಹೆಸರು. ಅದನ್ನು ಹಾಲ್ ಮತ್ತು ಓಟೂಲ್ ಎಂಬವರು ೧೯೩೫ರಲ್ಲಿ ಮೊದಲು ಕಂಡುದು ರೋಗಿಗಳಲ್ಲಲ್ಲ, ಆರೋಗ್ಯವಾಗಿದ್ದ ಹಸುಗೂಸುಗಳ ಮಲದಲ್ಲಿ. ರೋಗಕಾರಕವೆಂದು ಸಿದ್ಧವಾದುದು ೧೯೭೮ರಲ್ಲಿ, ಅದರ ವಿಷವು ಗೊತ್ತಾದ ಮೇಲೆ. ಇಂದಿನ ಪ್ರಯೋಗಶಾಲೆಗಳು ಮೊದಲು ಜೀವಿಯ ಗುರುತನ್ನು ಹುಡುಕಿ, ಅದು ದೊರೆತರೆ ವಿಷವನ್ನು ಹುಡುಕಿ, ಎರಡೂ ಒಂದಕ್ಕೊಂದು ಹೊಂದದಿದ್ದರೆ ವಂಶವಾಹಿಯ ಕಡೆಗೆ ತಿರುಗುತ್ತವೆ. ಪಾತ್ರೆಯ ಆಕಾರವನ್ನು ತಾಳದ ಗಟ್ಟಿಮಲವನ್ನು ಈ ಪರೀಕ್ಷೆಗೆ ಸ್ವೀಕರಿಸಬಾರದೆಂಬ ನಿಯಮವೂ ಇದೆ. ಭೇದಿಯಿಲ್ಲದವನ ಮಲದಲ್ಲಿ ಈ ಜೀವಿಯು ಸಿಕ್ಕಿದರೆ ವೈದ್ಯನು ಇಲ್ಲದ ರೋಗಕ್ಕೆ ಔಷಧವನ್ನು ಕೊಡುವಂತಾಗುವುದೆಂಬುದೇ ಆ ನಿಯಮದ ತಾತ್ಪರ್ಯ.

ಕುರಿಯ ವಿಷಯದಲ್ಲಿ ತಪ್ಪು ನಿರ್ಣಯದ ಫಲವನ್ನು ಅನುಭವಿಸುವವನು ಕುರಿಗಾಹಿ. ಕೊಯ್ದ ಜೋಳದ ಹೊಲವನ್ನೇ ತೆಗೆದುಕೊಳ್ಳಬಹುದು. ನೆಲದಲ್ಲಿ ಉದುರಿದ ಕಾಳನ್ನು ಅತಿಯಾಗಿ ತಿಂದ ಕುರಿಯು ಕರುಳುಬೇನೆಯಿಂದ ಸಾಯಬಹುದು. ಅದೇ ಹೊಲದಲ್ಲಿ ಕೂಳೆಯಿಂದೊಡೆದ ಎಳೆಯ ಚಿಗುರನ್ನು ತಿಂದ ಕುರಿಯು ಆ ಚಿಗುರಿನೊಳಗಣ ಸಯನೈಡ್ ವಿಷದಿಂದ ಸಾಯಬಹುದು. ಕಾಲವು ಒಂದೇ, ಸ್ಥಳವು ಒಂದೇ, ಸಾವಿನ ವೇಗವೂ ಹೆಚ್ಚುಕಡಮೆ ಒಂದೇ. ಮೊದಲನೆಯದಕ್ಕೆ ಲಸಿಕೆಯುಂಟು, ಎರಡನೆಯದಕ್ಕೆ ಮಂದೆಯನ್ನು ಆ ಹೊಲದಿಂದ ಹೊರಡಿಸುವುದೇ ಉಪಾಯ, ಬದುಕಿರುವ ಕುರಿಗೆ ತಕ್ಷಣ ಕೊಡಬಹುದಾದ ಔಷಧವೂ ಉಂಟು. ಎರಡನ್ನೂ ಕರುಳುಬೇನೆಯೆಂದೇ ಎಣಿಸಿ ಲಸಿಕೆ ಹಾಕಿಸಿ ಮಂದೆಯನ್ನು ಅಲ್ಲಿಯೇ ನಿಲ್ಲಿಸಿದವನು ಮರುದಿನ ಮತ್ತೆ ಕುರಿಗಳನ್ನು ಕಳೆದುಕೊಳ್ಳುವನು. ಲಸಿಕೆಯ ಮೇಲಿನ ನಂಬಿಕೆಯೂ ಅದರೊಡನೆ ಹೋಗುವುದು. ನೆರಡಿರೋಗದ ಭಯವು ಇದಕ್ಕಿಂತಲೂ ಹೆಚ್ಚಿನದು. ಅದರಿಂದಲೂ ಕುರಿಯು ಥಟ್ಟನೆ ಸಾಯುವುದು. ಆದರೆ ಅದರ ಹೆಣವನ್ನು ಕೊಯ್ಯಲೇಬಾರದು. ಕೊಯ್ದರೆ ಆ ಸೂಕ್ಷ್ಮಜೀವಿಯು ಗಾಳಿಯ ಸಂಪರ್ಕದಿಂದ ಬೀಜಕಣವಾಗಿ ದಶಕಗಳವರೆಗೆ ಆ ನೆಲದಲ್ಲಿ ಉಳಿಯುವುದಲ್ಲದೆ ಕೊಯ್ದ ಮನುಷ್ಯನಿಗೂ ಅಂಟಬಹುದು. ಆದುದರಿಂದ ಹಠಾತ್ತಾಗಿ ಸತ್ತ ಕುರಿಯ ಕಿವಿಯ ತುದಿಯಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿ, ನೆರಡಿಯಲ್ಲವೆಂದು ಸೂಕ್ಷ್ಮದರ್ಶಕದಿಂದ ತಿಳಿದ ಮೇಲೆಯೇ ಹೊಟ್ಟೆಯನ್ನು ತೆರೆಯತಕ್ಕದ್ದು. ಒಳಗೆ ನೋಡಿ ಹೆಸರಿಟ್ಟ ಹಿಂದಿನವರು ಎಂತಹ ಅಪಾಯಕ್ಕೆ ಕೈಹಾಕಿದ್ದರೆಂಬುದು ಇದರಿಂದ ತಿಳಿಯುವುದು.

ಕರುಳುಬೇನೆಯೆಂದು ನಿಶ್ಚಯವಾದ ಮೇಲೆ ಚಿಕಿತ್ಸೆಗೆ ಅವಕಾಶವು ಇಲ್ಲವೆಂದೇ ಹೇಳಬೇಕು. ಸತ್ತ ಕುರಿಯು ಉಳಿದವುಗಳ ಪರವಾಗಿ ಸಾಕ್ಷಿ ಹೇಳುವುದು ಮಾತ್ರ. ವಿಷವನ್ನು ಫಾರ್ಮಲಿನ್ನಿನಿಂದ ನಿರ್ವಿಷಗೊಳಿಸಿ ಲಸಿಕೆಯನ್ನು ತಯಾರಿಸುತ್ತಾರೆ. ಅದನ್ನು ಮುಂಗಾರಿಗೆ ಮುಂಚೆಯೇ ಹಾಕಿಸಬೇಕು. ಮೊದಲ ಸಲ ಹಾಕಿಸಿಕೊಳ್ಳುವ ಮರಿಗಳಿಗೆ ಎರಡು ಮೂರು ವಾರಗಳ ಅನಂತರ ಮತ್ತೊಮ್ಮೆ, ಆಮೇಲೆ ವರ್ಷವರ್ಷವೂ ಹಾಕಿಸುವುದು ಅವಶ್ಯಕ. ಮಳೆ ಬಿದ್ದು ಹುಲ್ಲು ಚಿಗುರಿ ಕುರಿಗಳು ಸಾಯತೊಡಗಿದ ಮೇಲೆ ಹಾಕಿಸಿದ ಲಸಿಕೆಯು ರಕ್ಷಣೆಯನ್ನು ಕೊಡುವ ಹೊತ್ತಿಗೆ ಅಪಾಯದ ವಾರಗಳು ಕಳೆದಿರುತ್ತವೆ. ಊರೂರು ಅಲೆಯುವ ಮಂದೆಗಳಿಗೆ ಎರಡನೆಯ ಲಸಿಕೆಯು ತಪ್ಪುವುದೇ ಹೆಚ್ಚು. ಮೊದಲನೆಯದನ್ನು ಹಾಕಿದ ಊರಿನಲ್ಲಿ ಮೂರು ವಾರಗಳ ಮೇಲೆ ಮಂದೆಯಿರುವುದಿಲ್ಲ.

ಎಲ್ಲಿ, ಎಂದು ಲಸಿಕೆ ಹಾಕಬೇಕೆಂಬುದನ್ನು ಮೊದಲೇ ತಿಳಿಯುವ ಪ್ರಯತ್ನವು ಹೆಬ್ಬಾಳಕ್ಕೆ ಇನ್ನೂ ಉತ್ತರದಲ್ಲಿ ಯಲಹಂಕದ ಬಳಿ ರಾಮಗೊಂಡನಹಳ್ಳಿಯಲ್ಲಿ ನಡೆಯುತ್ತಿದೆ. ಪಶುರೋಗಗಳ ಮೇಲ್ವಿಚಾರಣೆಗೆಂದು ೧೯೮೭ರಲ್ಲಿ ಆರಂಭವಾದ ಯೋಜನೆಯು ಬಹುಕಾಲ ಹೆಬ್ಬಾಳದಲ್ಲಿದ್ದು, ೨೦೧೩ರಲ್ಲಿ ನಿವೇದಿ ಎಂಬ ಸಂಕ್ಷಿಪ್ತನಾಮದ ರಾಷ್ಟ್ರೀಯ ಸಂಸ್ಥೆಯಾಯಿತು. ನಾನಾ ಜಿಲ್ಲೆಗಳಿಂದ ಹಿಂದಿನ ವರ್ಷಗಳಲ್ಲಿ ಬಂದ ರೋಗವರದಿಗಳನ್ನು ಮಳೆ, ಉಷ್ಣತೆ, ಹಸುರು ಮೊದಲಾದುವುಗಳೊಡನೆ ಹೋಲಿಸಿ, ಮುಂದಿನ ಎರಡು ತಿಂಗಳಲ್ಲಿ ಯಾವ ಜಿಲ್ಲೆಗೆ ಯಾವ ರೋಗದ ಅಪಾಯವಿದೆಯೆಂದು ಅದು ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ಕರುಳುಬೇನೆಯೂ ಸೇರಿದೆ. ಆದರೆ ಈ ಗಣನೆಯು ನಿಂತಿರುವುದು ಹಳ್ಳಿಯಿಂದ ಬಂದ ವರದಿಯ ಮೇಲೆ. ಕೂಳೆಯ ವಿಷದಿಂದ ಸತ್ತ ಹತ್ತು ಕುರಿಗಳನ್ನು ಯಾರೋ ಕರುಳುಬೇನೆಯೆಂದು ಬರೆದಿದ್ದರೆ, ಅಥವಾ ನಿಜವಾದ ಕರುಳುಬೇನೆಯ ಸೀಸೆಯು ದಾರಿಯಲ್ಲಿ ಬಿಸಿಲಿಗೆ ಕೆಟ್ಟು ವಿಷವಿಲ್ಲವೆಂಬ ಉತ್ತರವನ್ನು ಪಡೆದಿದ್ದರೆ, ಆ ತಪ್ಪು ವರ್ಷಗಳ ಮೇಲೆ ಬೇರೊಂದು ಮಂದೆಯ ಲಸಿಕೆಯ ದಿನವನ್ನು ಹಿಂದುಮುಂದು ಮಾಡುವುದು.